ಕೂಗಿನ ಪಾಲು

ಮೊದಲು ದಿನವನ್ನು ನಿಶ್ಚಯಿಸಿಕೊಳ್ಳಬೇಕು. ಈ ಸಂಗತಿ ನಡೆದದ್ದು ಕಳೆದ ವರ್ಷದ ಯುಗಾದಿಯ ಕರಿಯಂದು, ಅಂದರೆ ಹಬ್ಬದ ಮರುದಿನ. ನನ್ನ ಹೆಂಡತಿಯ ತಮ್ಮ ಅದನ್ನು ಹೋಳಿಯ ಕರಿ ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಅದು ಸಾಧ್ಯವಿಲ್ಲ. ಹೋಳಿ ಹುಣ್ಣಿಮೆಯಂದು ಅವನು ಈ ದೇಶದಲ್ಲೇ ಇರಲಿಲ್ಲ. ಅವನ ಪಾಸ್‌ಪೋರ್ಟಿನ ಮುದ್ರೆಯನ್ನು ನಾನೇ ನೋಡಿ ಪಂಚಾಂಗದೊಡನೆ ತಾಳೆ ಹಾಕಿದ್ದೇನೆ. ತನ್ನ ಕಾಲು ಮುರಿದ ದಿನವನ್ನೇ ತಪ್ಪಾಗಿ ಹೇಳುವ ಈ ಮನುಷ್ಯ, ತನ್ನ ಫೋನು ಆಕಾಶದಲ್ಲಿ ಯಾರೊಡನೆ ಮಾತನಾಡುತ್ತದೆ ಎಂಬುದನ್ನು ಮಾತ್ರ ಎಳ್ಳಷ್ಟೂ ಸಂಶಯವಿಲ್ಲದೆ ಹೇಳುತ್ತಿದ್ದ.

ನಿವೃತ್ತಿಯ ನಂತರ ನಾವು ಗೋಕಾಕದಲ್ಲಿ ನೆಲೆಸಿದ್ದೇವೆ. ಶಾಸನಗಳ ಕಾಲನಿರ್ಣಯ ನನ್ನ ಕಸುಬಾಗಿತ್ತು. ಕಲ್ಲಿನ ಮೇಲೆ ಕೆತ್ತಿದ ತಿಥಿಗೂ ವಾರಕ್ಕೂ ಹೊಂದಾಣಿಕೆ ಇದೆಯೇ ಎಂದು ನೋಡುವುದರಲ್ಲಿ ನನ್ನ ಆಯುಷ್ಯದ ಹೆಚ್ಚಿನ ಪಾಲು ಕಳೆದಿದೆ. ಹೊಂದದ ಕಲ್ಲುಗಳು ಬಹಳ. ಕಲ್ಲಿಗೂ ಸುಳ್ಳು ಹೇಳಲು ಬರುತ್ತದೆ ಎಂದು ಕಂಡುಕೊಂಡವನಿಗೆ ಅಂಗೈಯಗಲದ ಗಾಜು ಹೇಳಿದ್ದನ್ನು ನಂಬುವ ಆತುರ ಹುಟ್ಟುವುದಿಲ್ಲ.

ಮೈದುನನ ಊರು ಹುಕ್ಕೇರಿ ತಾಲ್ಲೂಕಿನಲ್ಲಿ, ಹಿಡಕಲ್ ಅಣೆಕಟ್ಟಿನ ಹಿನ್ನೀರಿಗೆ ಬೆನ್ನು ಹಾಕಿದ ಗುಡ್ಡಗಳ ಬುಡದಲ್ಲಿದೆ. ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳು ಅವನವು. ಹಂಗಾಮು ಮುಗಿದೊಡನೆ ಯಾವುದೋ ಪ್ರವಾಸದ ಗುಂಪಿನೊಂದಿಗೆ ವಿದೇಶಕ್ಕೆ ಹೋಗಿ ಬಂದ. ಆ ದೇಶದಲ್ಲಿ ಕಂಡದ್ದೇನು ಎಂದು ಕೇಳಿದರೆ ಅವನಿಗೆ ಒಂದು ಊರಿನ ಹೆಸರೂ ನೆನಪಿಲ್ಲ. ತಂದದ್ದು ಒಂದು ಫೋನು. ಬಂದ ವಾರದಲ್ಲೇ ಅದನ್ನು ತೋರಿಸಲೆಂದು ನಮ್ಮ ಮನೆಗೆ ಬಂದು, ಕುಳಿತು ನೀರು ಕುಡಿಯುವ ಮೊದಲೇ ನಮ್ಮಿಬ್ಬರನ್ನೂ ಮಾಳಿಗೆಗೆ ಹತ್ತಿಸಿದ.

"ಇದಕ್ಕ ಟಾವರ್ ಬೇಕಾಗಿಲ್ರಿ, ಭಾವಾರ," ಎಂದ. "ಸೀದಾ ಮ್ಯಾಲ ಹೋಗತೈತಿ."

"ಮ್ಯಾಲ ಯಾರದಾರ?" ಎಂದಳು ನನ್ನ ಹೆಂಡತಿ.

"ಸ್ಯಾಟಲೈಟ್, ಅಕ್ಕಾ. ಬೇಟಿಗೆ ಹೋದಾಗ ಕೊಳ್ಳದಾಗ ಸಿಗ್ನಲ್ ಕಡ್ಡಿ ಒಂದೂ ಬರೂದಿಲ್ಲ. ಈಗ ಕೊಳ್ಳದಾಗ ಕುಂತ ನಿನಗ ಮೆಸೇಜ್ ಹಾಕತೇನಿ ನೋಡ್ತಿರು."

ಫೋನಿನ ಪರದೆಯ ಮೇಲೆ ಒಂದು ಬಾಣ ಮೂಡಿತು. ಅದು ತೋರಿಸಿದ ಕಡೆಗೆ ಫೋನನ್ನು ಹಿಡಿಯಬೇಕಂತೆ. ಅವನು ತಲೆಯೆತ್ತಿಕೊಂಡು ಬಾಣದ ಜೊತೆಗೆ ತಿರುಗತೊಡಗಿದ. ಎಡಕ್ಕೆ ಒಂದು ಹೆಜ್ಜೆ, ಹಿಂದಕ್ಕೆ ಒಂದು ಹೆಜ್ಜೆ, ನೀರಿನ ಟಾಕಿಯನ್ನು ಸುತ್ತಿ, ಕೊನೆಗೆ ಒಣಗಲು ಹಾಕಿದ್ದ ಸಂಡಿಗೆಯ ಮೇಲೆ ಎರಡೂ ಕಾಲೂರಿ ನಿಂತ.

"ತುಳದೆಲ್ಲೊ," ಎಂದಳು ಅಕ್ಕ.

"ತಡೀ, ಸಿಗಾಕತ್ತೈತಿ."

ಸಿಕ್ಕಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಪ್ರಶ್ನೆಗಳು ಬಂದವು: ಯಾರಿಗಾದರೂ ಪೆಟ್ಟಾಗಿದೆಯೇ, ಎಷ್ಟು ಜನ ಇದ್ದೀರಿ. ಅವನು ಒತ್ತಬೇಕಾದಲ್ಲಿ ಒತ್ತಿದ. ನಿಮ್ಮ ಸಂದೇಶ ತಲುಪಿದೆ, ಇದ್ದಲ್ಲೇ ಇರಿ, ನೆರವು ಬರುತ್ತಿದೆ ಎಂದು ಉತ್ತರ ಬಂತು. ಮೈದುನ ಫೋನನ್ನು ನನ್ನ ಮುಖದ ಎದುರು ಹಿಡಿದ. ನಾನು ಕನ್ನಡಕ ಹಾಕಿಕೊಂಡು, ಅಭ್ಯಾಸಬಲದಿಂದ, ಮೊದಲು ಅಂಚುಗಳನ್ನು ನೋಡಿದೆ. ಮೇಲಿನ ಅಂಚಿನಲ್ಲಿ ಮಾಸಲು ಬಣ್ಣದ ಸಣ್ಣ ಅಕ್ಷರಗಳಿದ್ದವು.

"ಮ್ಯಾಲ ನೋಡು," ಎಂದೆ. "ಇದು ಬರೇ ಅಭ್ಯಾಸಕ್ಕ ಅಂತ ಬರದಾರ. ಯಾರಿಗೂ ಹೋಗಿಲ್ಲ ಇದು. ಫೋನು ತಾನ ಕೇಳಿ ತಾನ ಉತ್ತರ ಕೊಟ್ಕೊಂಡೈತಿ."

"ಕಲ್ಲು ಓದಿ ಓದಿ ನಿಮ್ಮ ಕಣ್ಣಿಗೆ ಚಟಾ ಹತ್ತೇತ್ರಿ, ಭಾವಾರ. ಅಷ್ಟ ಸಣ್ಣ ಅಕ್ಷರ ಯಾರ ಓದತಾರ?"

ಡಬ್ಬಿಯೊಳಗಿನ ಪುಸ್ತಿಕೆಯನ್ನು ಅವನಿಂದ ಕೇಳಿ ಪಡೆದು ಓದಿದೆ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸೌಲಭ್ಯ ಯಾವ ಯಾವ ದೇಶಗಳಲ್ಲಿ ಉಂಟೆಂದು ಅದರಲ್ಲಿ ಬರೆದಿತ್ತು. ನಮ್ಮ ದೇಶದ ಹೆಸರು ಅಲ್ಲಿರಲಿಲ್ಲ. ಇಲ್ಲಿ ಅಂಥ ಉಪಕರಣವನ್ನು ಪರವಾನಿಗೆ ಇಲ್ಲದೆ ಬಳಸುವುದೇ ಅಪರಾಧ ಎಂದೂ ಅವನಿಗೆ ಹೇಳಿದೆ.

"ಆಕಾಶಕ್ಕ ಗಡಿ ಐತೇನ್ರಿ?" ಎಂದು ನಕ್ಕ. ಗಡಿಯ ಹೆಸರಿನಲ್ಲಿ ಬಸ್ಸುಗಳಿಗೆ ಮಸಿ ಬಳಿಯುವ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವನ ಪ್ರಶ್ನೆ ಅದು.

ಬೇಟೆಯೂ ಅಪರಾಧವೇ. ಅದನ್ನು ಎಷ್ಟೋ ಸಲ ಅವನಿಗೆ ಹೇಳಿದ್ದೇನೆ. ಈಗ ಒಂದು ಅಪರಾಧದ ಸುರಕ್ಷತೆಗಾಗಿ ಇನ್ನೊಂದನ್ನು ದುಬಾರಿ ಬೆಲೆ ಕೊಟ್ಟು ಕೊಂಡು ತಂದಿದ್ದ. ಸಮಾಧಾನದ ಸಂಗತಿ ಇಷ್ಟೇ: ಅವನು ಎರಡನ್ನೂ ಮಾಡಲು ಅಸಮರ್ಥನಾಗಿದ್ದ. ಫೋನಿನಿಂದ ಸಂದೇಶ ಹೋಗುತ್ತಿರಲಿಲ್ಲ. ಅವನ ಬೇಟೆಯ ಗುಂಪಿನ ಬಲೆಗೆ ಮೊಲ ಬೀಳುತ್ತಿರಲಿಲ್ಲ.

ಯುಗಾದಿಗೆ ಇನ್ನೂ ಕೆಲವು ದಿನಗಳಿರುವಾಗ ಅವನು ಇಬ್ಬರು ಗೆಳೆಯರೊಂದಿಗೆ ಕೊಳ್ಳಕ್ಕಿಳಿದು ಫೋನಿನ ಪರೀಕ್ಷೆ ನಡೆಸಿದ. ಮರುದಿನ ನನ್ನ ಹೆಂಡತಿಯ ಫೋನನ್ನು ಕಸಿದುಕೊಂಡು ನನಗೆ ತೋರಿಸಿದ. ಅವನ ಸಂದೇಶಗಳು ಬಂದಿದ್ದವು: ಕೊಳ್ಳಕ್ಕ ಇಳದೇವಿ, ಮೊಲಕ್ಕ ಬಲಿ ಹಾಕೇವಿ, ನೀರ ಕುಡದೇವಿ. ನಾನು ಅವು ಬಂದ ಹೊತ್ತನ್ನು ನೋಡಿದೆ. ಮುಂಜಾನೆಯಿಂದ ಸಂಜೆಯವರೆಗಿನ ಕಥೆಯೆಲ್ಲ ಸಂಜೆಯ ಒಂದೇ ನಿಮಿಷದಲ್ಲಿ ಬಂದು ಬಿದ್ದಿತ್ತು. ಆ ಹೊತ್ತಿನಲ್ಲಿ ನೀವೆಲ್ಲಿದ್ದಿರಿ ಎಂದು ಕೇಳಿದೆ. ಗುಡ್ಡದ ನೆತ್ತಿಗೆ ಬಂದು ಭಜಿ ತಿನ್ನುತ್ತಿದ್ದೆವು ಎಂದ. ಗುಡ್ಡದ ನೆತ್ತಿಯಿಂದ ಅಣೆಕಟ್ಟಿನ ಕಡೆಯ ಟವರು ಬರಿಗಣ್ಣಿಗೆ ಕಾಣುತ್ತದೆ. ಕೊಳ್ಳದಲ್ಲಿ ಹೋಗದೆ ಉಳಿದಿದ್ದ ಮಾತುಗಳೆಲ್ಲ ಸಾಮಾನ್ಯ ಸಂಪರ್ಕ ಸಿಕ್ಕೊಡನೆ ಒಟ್ಟಿಗೆ ಹೊರಟಿದ್ದವು. ಇದನ್ನು ನಾನು ಬಿಡಿಸಿ ಹೇಳಿದೆ.

"ಬಂದಾವೋ ಇಲ್ಲೊ?" ಎಂದ ಅವನು.

"ಬಂದಾವು."

"ಮತ್ತೇನ್ರಿ?"

ಬಂದದ್ದೇ ಪುರಾವೆ.

ಇನ್ನು ಅವರ ಬೇಟೆಯ ವಿಷಯ. ಯುಗಾದಿಯ ಕರಿಯಂದು ಊರಿನ ಹತ್ತಾರು ಗಂಡಸರು ಬಲೆ, ಬಡಿಗೆ, ಮುಧೋಳ ನಾಯಿಗಳೊಂದಿಗೆ ಕೊಳ್ಳಕ್ಕೆ ಇಳಿಯುತ್ತಾರೆ. ಇತ್ತೀಚಿನ ಯಾವ ವರ್ಷವೂ ಅವರಿಗೆ ಏನೂ ಸಿಕ್ಕಿಲ್ಲ. ಆದ್ದರಿಂದ ಮೊದಲೇ ಮೂಡಲಗಿ ಸಂತೆಯಿಂದ ಒಂದು ಟಗರು ತಂದು, ಅದನ್ನು ಟೆಂಪೊದಲ್ಲಿ ಗುಡ್ಡದ ನೆತ್ತಿಯವರೆಗೆ ಒಯ್ದು, ಅಲ್ಲೊಂದು ಗಿಡಕ್ಕೆ ಕಟ್ಟಿ, ತಾವು ಕೆಳಗೆ ಇಳಿದು, ಬರಿಗೈಯಲ್ಲಿ ಮೇಲೆ ಬಂದು, ಅದನ್ನು ಕೊಯ್ದು, ಬೇಟೆಯ ಪಾಲು ಎಂದು ಹಂಚಿಕೊಳ್ಳುತ್ತಾರೆ. ತಾವೇ ಕಟ್ಟಿದ ಟಗರಿನ ಬಳಿಗೆ ಅವರು ಏದುಸಿರು ಬಿಡುತ್ತ ವೀರರಂತೆ ಹತ್ತಿ ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಬೇಟೆಗೆ ಹಿಂದಿನಿಂದ ಬಂದ ಒಂದು ಕಟ್ಟಳೆ ಇದೆ. ಕುರುಬರ ಒಂದು ಮನೆತನದ ಹಿರಿಯ ಬೇಟೆಗೆ ಇಳಿಯುವುದಿಲ್ಲ. ಅವನು ಗುಡ್ಡದ ನೆತ್ತಿಯ ಕೂಗುಗಲ್ಲಿನ ಮೇಲೆ ಕೂರುತ್ತಾನೆ. ಅಲ್ಲಿಂದ ಈಚೆಗೆ ಊರು, ಆಚೆಗೆ ಕೊಳ್ಳ. ಹೊತ್ತು ಬಾಗಿದಾಗ ಅವನು ಕೂಗು ಹಾಕುತ್ತಾನೆ. ಕೂಗು ಕೇಳಿದ ಮೇಲೆ ನಡೆಯಬಲ್ಲವರೆಲ್ಲ ಮೇಲಕ್ಕೆ ಹೊರಡಲೇಬೇಕು. ಯಾರೂ ಬಾರದಿದ್ದರೆ ಯಾರಿಗೋ ಏನೋ ಆಗಿದೆ ಎಂದು ತಿಳಿದು, ಊರ ಕಡೆ ತಿರುಗಿ ಕೂಗಿ, ಹೊತ್ತು ತರಲು ಹೊರಸು, ಅಂದರೆ ಹಗ್ಗದ ಮಂಚ, ತರಿಸುತ್ತಾನೆ. ಇದಕ್ಕಾಗಿ ಹಂಚಿಕೆಯಲ್ಲಿ ಮೊದಲ ಪಾಲು ಅವನದು. ಅದನ್ನು ಕೂಗಿನ ಪಾಲು ಎನ್ನುತ್ತಾರೆ. ಪಾಲು ಎತ್ತಿಡುವಾಗ ಆ ಮನೆತನದ ಹೆಸರು ಹಿಡಿದು ಎಲ್ಲರ ಎದುರು ಮೂರು ಸಲ ಕರೆಯುತ್ತಾರೆ. ಊರು ಆ ಮನೆಯವರನ್ನು ಹೆಸರು ಹಿಡಿದು ಕರೆಯುವುದು ವರ್ಷದಲ್ಲಿ ಅದೊಂದೇ ಸಲ.

ಇದು ರಾಜರ ಕಾಲದಿಂದ ಬಂದದ್ದು ಎಂದು ಊರಿನವರು ಹೇಳುತ್ತಾರೆ. ಯಾವ ರಾಜ ಎಂದರೆ ಹೇಳುವುದಿಲ್ಲ. ನಾನು ಹುಡುಕಿದ ಮಟ್ಟಿಗೆ ಕಲ್ಲಿನಲ್ಲಾಗಲಿ ಕಾಗದದಲ್ಲಾಗಲಿ ಇದರ ಸುಳಿವಿಲ್ಲ. ಈಗಿನ ಹಿರಿಯನ ಅಜ್ಜ ಆ ಕಲ್ಲಿನ ಮೇಲೆ ಕೂತದ್ದನ್ನು ಕಂಡವರು ಇದ್ದರು. ಅದಕ್ಕಿಂತ ಹಿಂದೆ ಒಂದು ಹೆಜ್ಜೆಯನ್ನೂ ಆಧಾರ ಸಹಿತ ಇಡಲಾಗುವುದಿಲ್ಲ. ಈಗಿನ ಹಿರಿಯನನ್ನು ಊರೆಲ್ಲ ಕಾಕಾ ಎನ್ನುತ್ತದೆ, ವಯಸ್ಸಿನಲ್ಲಿ ಅವನಿಗಿಂತ ಹೆಚ್ಚು ಚಿಕ್ಕವನಲ್ಲದ ನಾನೂ ಹಾಗೆಯೇ ಕರೆಯುತ್ತೇನೆ. ಕೂಗಿನ ಇತಿಹಾಸ ಕೇಳಲು ಹೋಗಿ ಅವನ ಫೋನ್ ನಂಬರು ಬರೆದುಕೊಂಡಿದ್ದೆ. ಇತಿಹಾಸ ಸಿಗಲಿಲ್ಲ, ನಂಬರು ಉಳಿಯಿತು.

ಯುಗಾದಿಗೆ ಮುಂಚೆ ಊರಿನ ಚಹದಂಗಡಿಯ ಮುಂದೆ ಬೇಟೆಯವರು ಸೇರಿದರು. ಹೆಂಡತಿಯನ್ನು ತವರಿಗೆ ಬಿಡಲು ಹೋಗಿದ್ದ ನಾನೂ ಅಲ್ಲಿದ್ದೆ. ಕಾಕಾ ಕಂಬಳಿ ಹೊದ್ದು ಕಟ್ಟೆಯ ಅಂಚಿನಲ್ಲಿ ಕುಳಿತಿದ್ದ. ಮೈದುನ ಫೋನನ್ನು ಕೈಯಿಂದ ಕೈಗೆ ದಾಟಿಸಿ, ಬಾಣ ತೋರಿಸಿ, ಕಡೆಗೆ ಮಾತು ತೆಗೆದ.

"ಇನ್ನ ಮ್ಯಾಲ ಕಲ್ಲಿನ ಮ್ಯಾಲ ಯಾರೂ ಕುಂದ್ರೂದ ಬೇಕಾಗಿಲ್ಲ. ಏನರ ಆದ್ರ ಇದ ಹೇಳತೈತಿ. ಕಾಕಾಗ ಬಿಸಲಾಗ ಯಾಕ ತ್ರಾಸ?"

ತ್ರಾಸದ ಮಾತು ಎಷ್ಟು ಬೇಗ ತಕ್ಕಡಿಯ ಕಡೆ ತಿರುಗಿತೆಂದರೆ, ಅವನ ಪಕ್ಕದಲ್ಲಿದ್ದ ಟ್ರ್ಯಾಕ್ಟರ್ ಡ್ರೈವರ್ ತಕ್ಷಣ ಲೆಕ್ಕ ಒಪ್ಪಿಸಿದ: "ಆ ಪಾಲು ಉಳದ್ರ ಎಲ್ಲಾರಿಗೂ ಒಂದೊಂದ ತುಂಡು ಹೆಚ್ಚ ಬರತಾವ."

ಕೆಲವರು ನೆಲ ನೋಡಿದರು. ಬೇಡ ಎಂದವರು ಯಾರೂ ಇಲ್ಲ.

ಕಾಕಾ ಕೇಳಿದ: "ಅಲ್ಲೊ, ಈಗ ಮ್ಯಾಲಿಂದ ಅದ ಕೂಗತೈತಿ?"

"ಹೌದ್ರಿ, ಕಾಕಾ."

"ಹಂಗಾರ ಪಾಲೂ ಅದಕ್ಕ ಮುಟ್ಟಸ್ರಿ. ಟಗರಿನ ತೊಡಿ ಮ್ಯಾಲ ಒಗೀರಿ, ಹಿಡಕೊತೈತಿ."

ಎಲ್ಲರೂ ನಕ್ಕರು. ಅವನು ನಗಲಿಲ್ಲ. ನನ್ನ ಜೊತೆಗೆ ಬಸ್ ನಿಲ್ದಾಣದವರೆಗೆ ನಡೆದು ಬಂದ.

"ತುಂಡಿನ ಆಶಾ ಇಲ್ರಿ, ಸರ. ಹಲ್ಲ ಎಲ್ಲಿ ಅದಾವ?" ಎಂದ. "ಈ ಸಲ ಕರೀಲಿಲ್ಲಂದ್ರ ಮುಂದಿನ ಸಲ ಮರೀತಾರ್ರಿ. ನನ್ನ ಹಿಂದ ನನ್ನ ಮನ್ಯಾವ್ರನ್ನ ಯಾರು ಕರೀತಾರ? ಕರಿಗೆ ನಾ ಊರಾಗ ಇರೂದಿಲ್ಲ. ಮೂಡಲಗಿಗೆ ಮಗಳ ಮನಿಗೆ ಹೊಕ್ಕೇನಿ. ಕರೀಲಾರದ್ದು ಕಣ್ಣಿಲೆ ನೋಡಾಕ ಆಗೂದಿಲ್ಲ."

ಒಂದು ಮನೆತನದ ಹೆಸರನ್ನು ಊರಿನ ಬಾಯಿಂದ ಅಳಿಸುವ ಈ ಕೆಲಸ ಒಂದು ಲೋಟ ಚಹ ಆರುವ ಮುನ್ನ ಮುಗಿದುಹೋಗಿತ್ತು. ಇದಕ್ಕೆ ಹಿಂದಿನವರಾದರೆ ಒಂದು ಯುದ್ಧವನ್ನೋ ಬರವನ್ನೋ ನೆಪ ಮಾಡಿಕೊಳ್ಳುತ್ತಿದ್ದರು.

ಕರಿಯ ದಿನ ನಾನು ಅವರೊಡನೆ ಹೋದದ್ದು ಹೆಂಡತಿಯ ಒತ್ತಾಯಕ್ಕೆ. ತಮ್ಮನ ಮೇಲೆ ಒಂದು ಕಣ್ಣಿಡಿ ಎಂದಳು. ಆದರೆ ನನ್ನ ಮೊಣಕಾಲು ಕೊಳ್ಳಕ್ಕೆ ಇಳಿಯುವಂಥದಲ್ಲ. ಅವರು ನನ್ನನ್ನು ಗುಡ್ಡದ ನೆತ್ತಿಯಲ್ಲಿ, ಟೆಂಪೊ, ಅದರ ಚಾಲಕ ಮತ್ತು ಟಗರಿನ ಜೊತೆಗೆ ಬಿಟ್ಟು ಇಳಿದರು. ಮೈದುನ ಎಲ್ಲರಿಗಿಂತ ಮುಂದೆ, ಫೋನು ಎದೆಯ ಮೇಲೆ ಒಂದು ಪಟ್ಟಿಗೆ ಸಿಕ್ಕಿಸಿಕೊಂಡು ಹೋದ. ನಾಯಿಗಳು ಹಿಂದೆ. ಚಾಲಕ ಟೆಂಪೊದ ನೆರಳಿನಲ್ಲಿ ಮಲಗಿದ. ಬೇರೆ ನೆರಳಿಲ್ಲದೆ ನಾನು ಛತ್ರಿ ಬಿಡಿಸಿ ಕೂಗುಗಲ್ಲಿನ ಮೇಲೆ ಕುಳಿತೆ.

ಕೆಳಗೆ ನಡೆದದ್ದನ್ನು ನಾನು ಆಮೇಲೆ ಬೇರೆ ಬೇರೆಯವರಿಂದ ಬೇರೆ ಬೇರೆಯಾಗಿ ಕೇಳಿ ತಾಳೆ ಹಾಕಿದ್ದೇನೆ. ಮೂಲ ವಿಷಯದಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಬಲೆ ಹಾಕುವ ಮೊದಲೇ ಮೈದುನ ಅಕ್ಕನಿಗೆ ಮೆಸೇಜು ಹಾಕುತ್ತೇನೆಂದು ಒಂದು ಬಂಡೆಯ ಮೇಲೆ ನಿಂತ. ಬಾಣ ತಿರುಗಿತು, ಅವನೂ ತಿರುಗಿದ. ಬಾಣ ಹಿಂದೆ ಸರಿ ಎಂದಿತೋ, ಅವನಿಗೆ ಹಾಗೆ ಕಂಡಿತೋ, ತಲೆಯೆತ್ತಿಕೊಂಡೇ ಹಿಂದೆ ಸರಿದು ಬಂಡೆಯಿಂದ ಕೆಳಗೆ ಬಿದ್ದ. ಪಾದದ ಬಳಿ ಎಲುಬು ಮುರಿಯಿತು. ನಮ್ಮ ಮಾಳಿಗೆಯ ಮೇಲೆ ಅವನ ಕಾಲಡಿಗೆ ಸಿಕ್ಕಿದ್ದು ಸಂಡಿಗೆ. ಇಲ್ಲಿ ಏನೂ ಸಿಗಲಿಲ್ಲ.

ಇಷ್ಟರವರೆಗೆ ಇದು ಒಬ್ಬನ ಮೂರ್ಖತನ. ಮುಂದಿನದು ಹತ್ತಾರು ಜನರದು. ಗಟ್ಟಿಮುಟ್ಟಾದ ಗಂಡಸರು ಸುತ್ತ ಇದ್ದರು. ಬಲೆಯನ್ನೇ ಜೋಳಿಗೆ ಮಾಡಿ ಎತ್ತಿಕೊಂಡು ಬರಬಹುದಾಗಿತ್ತು. ಇಲ್ಲವೇ ಒಬ್ಬ ಮೇಲೆ ಹತ್ತಿ ಬಂದು ಹೇಳಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಮೈದುನ ನರಳುತ್ತ ಫೋನನ್ನು ಆಕಾಶಕ್ಕೆ ಹಿಡಿದ. ಪ್ರಶ್ನೆಗಳು ಬಂದವು, ಉತ್ತರ ಒತ್ತಿದ. ಸಂದೇಶ ತಲುಪಿದೆ, ಇದ್ದಲ್ಲೇ ಇರಿ, ನೆರವು ಬರುತ್ತಿದೆ ಎಂದು ಫೋನು ಹೇಳಿತು. ಅವರು ಇದ್ದಲ್ಲೇ ಇದ್ದರು. ಹೆಲಿಕಾಪ್ಟರ್ ಬಂದರೆ ಇಳಿಯಲು ಜಾಗ ಬೇಕೆಂದು ಇಬ್ಬರು ಮುಳ್ಳುಕಂಟಿ ಸವರಿದರು. ತಂದ ನೀರು ತೀರಿತು. ಯಾರು ಹೆಚ್ಚು ಕುಡಿದರೆಂದು ಜಗಳ ಹತ್ತಿತು.

ಆ ಜಗಳದ ದನಿಯೇ ಮಧ್ಯಾಹ್ನ ಕಳೆದ ಮೇಲೆ ನನಗೆ ಮೇಲೆ ಕೇಳಿಸಿದ್ದು. ಕೊಳ್ಳದ ಗೋಡೆಗಳಿಗೆ ಬಡಿದು ಬಂದ ದನಿಯಲ್ಲಿ ಮಾತು ಬಿಡಿಸಿ ಕೇಳಿಸುತ್ತಿರಲಿಲ್ಲ. ನಾನು ಎದ್ದು ನಿಂತು ಕೂಗಿದೆ. ಓದುವ ಕೋಣೆಯಲ್ಲಿ ಬೆಳೆದ ದನಿ ಛತ್ರಿಯ ಅಂಚನ್ನೂ ದಾಟಲಿಲ್ಲ. ಟಗರು ಮಾತ್ರ ತಲೆಯೆತ್ತಿ ನೋಡಿತು. ಗುಡ್ಡದ ನೆತ್ತಿಯಲ್ಲಿ ಫೋನಿಗೆ ಸಂಪರ್ಕ ಚೆನ್ನಾಗಿತ್ತು. ನಾನು ಮೂಡಲಗಿಯಲ್ಲಿದ್ದ ಕಾಕಾನಿಗೆ ಫೋನು ಮಾಡಿದೆ.

"ಕಾಕಾ, ಕೆಳಗಿಂದ ದನಿ ಬರಾಕತ್ತೈತಿ. ಯಾರೂ ಮ್ಯಾಲ ಬಂದಿಲ್ಲ. ಏನ್ ಮಾಡೂದು?"

"ಸ್ಯಾಟಲೈಟಿಗೆ ಕೇಳ್ರಿ."

"ಚ್ಯಾಷ್ಟಿ ಬ್ಯಾಡ, ಕಾಕಾ."

"ಚ್ಯಾಷ್ಟಿ ಅವರ ಮಾಡ್ಯಾರ್ರಿ, ನಾ ಅಲ್ಲ. ಕಲ್ಲ ಯಾರದು ಈಗ?"

"ನಾ ಕುಂತೇನಿ ಸದ್ಯಕ್ಕ."

"ಹಂಗಾರ ಕೂಗಿನ ಪಾಲು ನಿಮಗ ಕೊಡ್ತಾರೇನು?"

ಸಿಟ್ಟು ಬಂತು. ಕೆಳಗೆ ಮನುಷ್ಯರಿಗೆ ಏನಾಗಿದೆಯೋ ಗೊತ್ತಿಲ್ಲ, ಇವನು ಮೂಡಲಗಿಯಲ್ಲಿ ಮಗಳ ಮನೆಯ ಕಟ್ಟೆಯ ಮೇಲೆ ಕುಳಿತು ಚೌಕಾಸಿ ಮಾಡುತ್ತಿದ್ದಾನೆ. ಹಲ್ಲಿಲ್ಲದವನ ಈ ಹಟ, ಹಲ್ಲಿರುವವರ ದುರಾಸೆಗಿಂತ ಯಾವ ವಿಧದಲ್ಲಿ ಮೇಲು ಎಂದು ನನಗೆ ಆಗ ತೋರಲಿಲ್ಲ. ಆದರೆ ಇದನ್ನು ಕೇಳಲು ಅವನಿಗೆ ಬೇರೆ ಹೊತ್ತು ಸಿಗುವುದಿಲ್ಲ ಎಂಬುದೂ ನಿಜವಾಗಿತ್ತು.

"ಪಾಲು ನಿಂದ," ಎಂದೆ.

"ಹೆಸರ ಹಿಡದ ಕರೀಬೇಕ್ರಿ."

"ಕರಸ್ತೇನಿ."

"ಹಂಗಾರ ಫೋನ ಕೊಳ್ಳದ ಕಡೆ ಹಿಡೀರಿ."

ನಾನು ಹಿಡಿದೆ. ಕೆಳಗಿನ ದನಿ ಏರಿತು, ಇಳಿಯಿತು. ಫೋನನ್ನು ಮತ್ತೆ ಕಿವಿಗೆ ತಂದಾಗ ಕಾಕಾ ಯಾರಿಗೋ ಚಹ ತಾ ಎಂದು ಹೇಳುತ್ತಿದ್ದ.

"ಬೈದಾಡಾಕತ್ತಾರ್ರಿ, ಸರ," ಎಂದ. "ಡ್ರೈವರ್‌ಗೆ ಎಬ್ಬಿಸಿ ಹಾರ್ನ್ ಉದ್ದಕ ಹೊಡಸ್ರಿ. ಬಂದ್ರ ಬಂದ್ರು. ಬರಲಿಲ್ಲಂದ್ರ ಹೊರಸು ಇಳಸ್ರಿ. ಇದರಾಗ ಏನ್ ವಿದ್ಯಾ ಐತ್ರಿ, ಕೇಳಾಕ ಫೋನ ಹಚ್ಚೀರಿ?"

ವಿದ್ಯೆ ಏನೂ ಇರಲಿಲ್ಲ. ಕಟ್ಟಳೆ ನನಗೂ ಗೊತ್ತಿತ್ತು, ಕೆಳಗಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಹಾರ್ನು ಹೊಡೆಸಿದೆ. ಯಾರೂ ಹತ್ತಿ ಬರಲಿಲ್ಲ. ಕೇಳಿಸಿರಲಿಲ್ಲ ಎಂದಲ್ಲ, ಕೇಳಿಸಿ, ನೆರವು ಬಂತೆಂದು ಚಪ್ಪಾಳೆ ತಟ್ಟಿದರಂತೆ. ಇದ್ದಲ್ಲೇ ಇರಿ ಎಂಬ ಆಜ್ಞೆಯನ್ನು ಆಗಲೂ ಪಾಲಿಸಿದರು.

ಚಾಲಕ ಹತ್ತಿರದ ಹೊಲದ ಇಬ್ಬರನ್ನು ಕರೆದುಕೊಂಡು, ಅವರ ಗುಡಿಸಲಿನ ಹೊರಸು ಹೊತ್ತು ಇಳಿದ. ಬಿಸಿಲು ತಣ್ಣಗಾಗುವ ಹೊತ್ತಿಗೆ ಮೆರವಣಿಗೆ ಮೇಲೆ ಬಂತು: ಮುಂದೆ ನಾಯಿಗಳು, ನಡುವೆ ಹೊರಸಿನ ಮೇಲೆ ಮೈದುನ, ಹಿಂದೆ ತುಟಿ ಒಣಗಿದ ವೀರರು. ಅವನ ಪಾದ ಬಾತು ಬೇರೆ ಯಾರದೋ ಪಾದದಂತೆ ಕಾಣುತ್ತಿತ್ತು. ಮುಖದಲ್ಲಿ ಮಾತ್ರ ಗೆಲುವು.

"ನೋಡಿದ್ರಿಲ್ಲೊ, ಭಾವಾರ?" ಎಂದ. "ಮೆಸೇಜ್ ಮುಟ್ಟಿತು. ಟೆಂಪೊ ಡ್ರೈವರ್‌ನ ಕಳಿಸ್ಯಾರ."

"ಯಾರ ಕಳಿಸ್ಯಾರ?"

"ಮ್ಯಾಲಿನಾವ್ರು."

ಮೇಲೆ ಇದ್ದವನು ನಾನು, ಒಂದು ಛತ್ರಿಯ ಸಮೇತ. ಅವನನ್ನು ಹೊತ್ತು ತಂದ ಚಾಲಕನನ್ನೇ ಅವನು ಆಕಾಶದಿಂದ ಇಳಿದವನಂತೆ ನೋಡುತ್ತಿದ್ದ. ಚಾಲಕ ಏನೋ ಹೇಳಲು ಹೋಗಿ, ಟೆಂಪೊದ ಬಾಡಿಗೆ ಕೊಡಬೇಕಾದ ಮೈದುನನ ಮುಖ ನೋಡಿ ಬೆವರು ಒರೆಸಿಕೊಂಡ. ತುಂಡಿನ ಲೆಕ್ಕ ಹೇಳಿದ್ದ ಟ್ರ್ಯಾಕ್ಟರ್ ಡ್ರೈವರ್ ಆಗಲೇ ಟಗರಿನ ಹಗ್ಗ ಬಿಚ್ಚುತ್ತಿದ್ದ. "ಕಾಕಾನ ಪಾಲಿಲ್ಲದ ನಡೀತಲ್ಲ," ಎಂದ ಇನ್ನೊಬ್ಬನಿಗೆ.

ಆಗ ನಾನು ಮೈದುನನ ಕೈಯಿಂದ ಫೋನು ತೆಗೆದುಕೊಂಡೆ. ಪರದೆಯ ಮೇಲೆ ಕೊನೆಯ ಪುಟ ಹಾಗೆಯೇ ಉಳಿದಿತ್ತು. ಮೇಲಿನ ಅಂಚಿನ ಸಣ್ಣ ಅಕ್ಷರಗಳನ್ನು ಮೊದಲು ಓದಿದೆ, ಆಮೇಲೆ ಕೆಳಗಿನ ದೊಡ್ಡ ಅಕ್ಷರಗಳನ್ನು. ಅಲ್ಲಿ ಬರೆದದ್ದನ್ನು ಕನ್ನಡದಲ್ಲಿ ಜೋರಾಗಿ ಹೇಳಿದೆ: ಅಭ್ಯಾಸ ಮುಗಿಯಿತು, ಇನ್ನೊಮ್ಮೆ ಅಭ್ಯಾಸ ಮಾಡುವಿರಾ?

ನಂಬದವನೊಬ್ಬ ಫೋನು ಇಸಕೊಂಡು ತಾನೇ ಅಕ್ಷರ ಕೂಡಿಸಿ ಓದಿದ. ನಾನು ಹೆಂಡತಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಿಸುವಂತೆ ಹಿಡಿದೆ.

"ನಿನಗ ಇವತ್ತು ತಮ್ಮನ ಮೆಸೇಜ್ ಬಂದೈತೇನು?"

"ಇಲ್ಲಲ್ರಿ. ಯಾಕ? ಮೊಲಾ ಸಿಕ್ತೇನು?"

ಟ್ರ್ಯಾಕ್ಟರ್ ಡ್ರೈವರನೇ ಕೇಳಿದ: "ಹಂಗಾರ ಮುಂಜಾನಿಂದ ಯಾರ ದಾರಿ ಕಾಯ್ದಿವಿ ನಾವು?"

ಕೂಗಿನ ಪಾಲಿಗೆ ನಾನು ಮಾತು ಕೊಟ್ಟದ್ದನ್ನು, ಯಾರಿಗೆ ಫೋನು ಹಚ್ಚಿ ಹಾರ್ನು ಹೊಡೆಸಿದೆ ಎಂಬುದನ್ನು ಆಗ ಹೇಳಿದೆ. ಹಗ್ಗ ಬಿಚ್ಚಿದವನು ಹಗ್ಗವನ್ನು ಕೈಗೆ ಸುತ್ತಿಕೊಂಡು ನಿಂತ. "ಕರೀರಿ ಹಂಗಾರ," ಎಂದ ಒಬ್ಬ ವಯಸ್ಸಾದವನು. ಮೈದುನನನ್ನು ಗೋಕಾಕದ ಆಸ್ಪತ್ರೆಗೆ ಕಳಿಸಿದ ಮೇಲೆ ಟಗರು ಕೊಯ್ದರು. ಮೊದಲ ಪಾಲು ಎತ್ತಿಟ್ಟು ಆ ಮನೆತನದ ಹೆಸರನ್ನು ಕೊಳ್ಳದ ಕಡೆ ಮುಖ ಮಾಡಿ ಮೂರು ಸಲ ಕರೆದರು. ನಾನು ಕಾಕಾನಿಗೆ ಫೋನು ಹಚ್ಚಿ ಹಿಡಿದಿದ್ದೆ. ಕರೆದಾದ ಮೇಲೆ ಅವನು ಫೋನು ಇಟ್ಟ. ಮರುದಿನ ಸ್ಟೀಲಿನ ಡಬ್ಬಿಯಲ್ಲಿ ಪಾಲು ಮೂಡಲಗಿಗೆ ಹೋಯಿತು. ಸಂಜೆ ಅವನೇ ಫೋನು ಮಾಡಿದ.

"ಎಲಬು ಹೆಚ್ಚ ಹಾಕ್ಯಾರ್ರಿ, ಸರ."

ಈ ವರ್ಷದ ಯುಗಾದಿಯ ಕರಿಗೂ ನಾನು ಹೋಗಿದ್ದೆ. ಕಾಕಾ ಕೂಗುಗಲ್ಲಿನ ಮೇಲೆ ತನ್ನ ಜಾಗದಲ್ಲಿ, ಹೊಸ ರುಮಾಲು ಸುತ್ತಿ ಕುಳಿತಿದ್ದ. ಆದರೆ ಅವನ ಕಿವಿಗಳಲ್ಲಿ ವಯರುಗಳಿದ್ದವು. ಮಗಳು ಒಂದು ಟಚ್ ಫೋನು ಕೊಡಿಸಿದ್ದಳಂತೆ. ಗುಡ್ಡದ ನೆತ್ತಿಯಲ್ಲಿ ಸಂಪರ್ಕ ಚೆನ್ನಾಗಿರುವುದರಿಂದ ಅವನು ಬೆಳಗಿನಿಂದ ವಿಡಿಯೊ ನೋಡುತ್ತಿದ್ದ.

"ಸರ, ನಮ್ಮ ಕೂಗು ಎಷ್ಟ ಹಳೇದು ಅಂತ ನಿಮಗ ಹೇಳಾಕ ಆಗಲಿಲ್ಲ," ಎಂದ. "ಇದರಾಗ ಹೇಳ್ಯಾರ ನೋಡ್ರಿ. ರಾಮಾಯಣಕ್ಕಿಂತ ಮೊದಲಿಂದಂತ."

ವಿಡಿಯೊದಲ್ಲಿ ಯಾವನೋ ಒಬ್ಬ ಬೇರೆ ಯಾವುದೋ ರಾಜ್ಯದ ಗುಡ್ಡವನ್ನು ತೋರಿಸುತ್ತ ಮಾತನಾಡುತ್ತಿದ್ದ. ಅದಕ್ಕೆ ಯಾವ ಆಧಾರವೂ ಇಲ್ಲ ಎಂದೆ.

"ಇದರಾಗ ಬಂದೈತೋ ಇಲ್ರಿ?" ಎಂದ.

ಅಷ್ಟರಲ್ಲಿ ಕೊಳ್ಳದಿಂದ ದನಿ ಎದ್ದಿತು. ಅವನಿಗೆ ಕೇಳಿಸಲಿಲ್ಲ. ನಾನು ಮೊಣಕೈ ತಿವಿದೆ. ಅವನು ಒಂದು ಕಿವಿಯ ವಯರು ತೆಗೆದು, ತಲೆ ಓರೆ ಮಾಡಿ ಆಲಿಸಿ, ಮತ್ತೆ ಸಿಕ್ಕಿಸಿಕೊಂಡ.

"ಬೈದಾಡಾಕತ್ತಾರ. ಬಿಡ್ರಿ."

ನಾನು ಎದ್ದು, ಟೆಂಪೊದಲ್ಲಿ ಹೊರಸು ಇದೆಯೇ ಎಂದು ನೋಡಲು ಹೋದೆ. ಇತ್ತು. ಕಾಲು ಇನ್ನೂ ಸರಿಹೋಗದೆ ಕೊಳ್ಳಕ್ಕೆ ಇಳಿಯಲಾಗದ ನನ್ನ ಮೈದುನ ಅದರ ಮೇಲೆ ಅಂಗಾತ ಮಲಗಿದ್ದ, ಫೋನನ್ನು ಆಕಾಶಕ್ಕೆ ಹಿಡಿದು.